ಬುಧವಾರದ ಬುತ್ತಿ

ಅಧ್ಯಕ್ಷರ ಮನೆ ಅಡಿಗೆಯವಳು ಅಂದ್ರೆ ಜನ ನನ್ನ ಕೈಯಲ್ಲಿ ಏನೇನೋ ಇದೆ ಅಂದ್ಕೊಳ್ತಾರೆ. ಇದ್ದದ್ದು ಸೌಟು ಒಂದೇ. ಎಲ್ಕಡುವೆಯವರು ಮಾತಲೆ ಊರಲ್ಲಿ ಸಣ್ಣ ವಕೀಲರಾಗಿದ್ದಾಗಿನಿಂದ ಅವರಿಗೆ ಬೇಯಿಸಿ ಹಾಕ್ತಾ ಬಂದವಳು ನಾನು, ಹೀನ್ ಮೆಣಿಕೆ. ಆಗ ಅವರನ್ನ ಮಹತ್ತಯಾ, ಅಂದ್ರೆ ಯಜಮಾನ್ರೇ ಅಂತ ಕರೀತಿದ್ದೆ, ದೇಶಕ್ಕೆ ಅಧ್ಯಕ್ಷರಾದ ಮೇಲೂ ಹಾಗೇ ಕರೆದೆ. ಕೊಲಂಬೊಗೆ ಬಂದಾಗ ದೊಡ್ಡ ಹೋಟೆಲಿನ ಅಡಿಗೆಯವನನ್ನ ಮೂರೇ ದಿನಕ್ಕೆ ವಾಪಸ್ ಕಳಿಸಿ ನನ್ನನ್ನ ಕರೆಸ್ಕೊಂಡ್ರು. ಇಡೀ ಊರಿಗೆ ಹೇಳ್ಕೊಂಡು ಹಿಗ್ಗಿದ್ದೆ.

ಯುದ್ಧ ಶುರುವಾದ ಮೇಲೆ ಪ್ರತಿ ಬುಧವಾರ ಬೆಳಿಗ್ಗೆ ಏಳಕ್ಕೆ ಸಪರಮಾದು ತಿಂಡಿಗೆ ಬರೋಕೆ ಶುರು ಮಾಡಿದ. ದೇಶದೊಳಗಿನ ಗುಪ್ತಚರರಿಗೆಲ್ಲ ಅವನೇ ಮುಖ್ಯಸ್ಥ. ಉತ್ತರದಲ್ಲಿ ನಡೆಯೋ ಯುದ್ಧ ಸೈನ್ಯದವರ ಪಾಡು. ಇವನ ಕೆಲಸ ನಮ್ಮವರ ಮೇಲೆ. ಯಾರು ಯಾರ ಮನೆಗೆ ಹೋದ, ಯಾರು ಫೋನಲ್ಲಿ ಏನಂದ, ಎಲ್ಲ ಒಂದು ಫೈಲಲ್ಲಿ ಹಾಕ್ಕೊಂಡು ಬರ್ತಿದ್ದ. ತಿನ್ನೋದು ಮಾತ್ರ ನೆಂಟರ ಮನೆಗೆ ಬಂದವನ ಥರ: ಮೊಟ್ಟೆ ಒಡೆದು ಹಾಕಿದ ಮೂರು ಅಕ್ಕಿ ಆಪ್ಪ, ತೆಂಗಿನಕಾಯಿ ಚಟ್ನಿಯಂಥ ಸಂಬೋಲ, ಕೊನೆಗೆ ಬೈನಿ ಬೆಲ್ಲ ಕಚ್ಚಿಕೊಂಡು ಕರೀ ಟೀ. ನಾನು ಬಡಿಸ್ತಿದ್ರೂ ಇಬ್ಬರೂ ದನಿ ತಗ್ಗಿಸ್ತಿರಲಿಲ್ಲ. ಅಡಿಗೆಯವಳಿಗೂ ಕಿವಿ ಇರುತ್ತೆ ಅಂತ ದೊಡ್ಡವರಿಗೆ ಯಾವತ್ತೂ ಹೊಳೆಯಲ್ಲ.

ಮೊದಮೊದಲು ಫೈಲಲ್ಲಿ ಶತ್ರುಗಳ ಕಡೆಯವರ ಹೆಸರು ಇರ್ತಿತ್ತು. ಆಮೇಲೆ ಮಹತ್ತಯಾರ ಸ್ವಂತ ಮಂತ್ರಿಗಳ ಹೆಸರು ಬಂತು. ಅವರ ಫೋನುಗಳನ್ನ ಕದ್ದು ಕೇಳೋಕೆ ಅಪ್ಪಣೆ ಬೇಕು ಅಂತ ಸಪರಮಾದು ಒಂದು ಚೀಟಿ ಮುಂದಿಟ್ಟ, ಮಹತ್ತಯಾ ಆಪ್ಪ ಅಗಿಯುತ್ತಲೇ ಸಹಿ ಹಾಕಿದ್ರು. ಆಮೇಲೆ ಎಷ್ಟೋ ಬುಧವಾರ ಅವರಿಬ್ಬರೂ ಹೊಟ್ಟೆ ಹಿಡ್ಕೊಂಡು ನಕ್ಕಿದ್ದಾರೆ. ಯಾವನೋ ಮಂತ್ರಿ ಫೋನಲ್ಲಿ ತನ್ನ ನಾದಿನಿಗೆ ಹಾಡು ಹೇಳ್ತಿದ್ದನಂತೆ. ಒಂದು ದಿನ ಎದ್ದು ಹೋಗ್ತಾ ಸಪರಮಾದು, ಆ ಚೀಟಿ ನನ್ನ ಹತ್ರ ಜೋಪಾನವಾಗಿದೆ ಮಹತ್ತಯಾ, ಚಿಂತೆ ಮಾಡ್ಬೇಡಿ ಅಂದ. ಚಿಂತೆ ಮಾಡಿ ಅಂತ ಹೇಳಿದ ಹಾಗೇ ಇತ್ತು. ಅವತ್ತಿನಿಂದ ಮಹತ್ತಯಾ ಆ ಮೇಜಿನಲ್ಲಿ ನಕ್ಕಿದ್ದು ನಾನು ನೋಡಿಲ್ಲ.

ಇದೆಲ್ಲ ನನಗೇನು ಅಂತ ಇದ್ದೆ. ನನ್ನ ಅಳಿಯನ ತಲೆ ಮೇಲೆ ಬಂದಾಗ ಗೊತ್ತಾಯ್ತು.

ಉದಿತ ಒಂದು ಪತ್ರಿಕೆಯಲ್ಲಿ ಕರಡು ತಿದ್ದೋ ಕೆಲಸದಲ್ಲಿದ್ದ. ಮೆತ್ತಗಿನ ಮನುಷ್ಯ, ಜೋರಾಗಿ ಸೀನೋಕೂ ನಾಚ್ಕೊಳ್ಳೋನು. ಮೇ ತಿಂಗಳಲ್ಲಿ, ಬುದ್ಧನ ವೆಸಾಕ್ ಹುಣ್ಣಿಮೆ ಕಳೆದ ವಾರ ಆ ಪತ್ರಿಕೆಯಲ್ಲಿ ಸತ್ತ ಸೈನಿಕರ ಸಂಖ್ಯೆ ಅಚ್ಚಾಯ್ತು. ಸರ್ಕಾರ ಹೇಳಿದ್ದು ಒಂದು, ಅಚ್ಚಾಗಿದ್ದು ಇನ್ನೊಂದು. ಬರೆದವನು ಊರು ಬಿಟ್ಟ. ಮಂಗಳವಾರ ಮಧ್ಯಾಹ್ನ ಬಸ್ಸಿಗೆ ನಿಂತಿದ್ದ ಉದಿತನನ್ನ ನಂಬರಿಲ್ಲದ ಗಾಡಿಗೆ ಹತ್ತಿಸ್ಕೊಂಡು ಹೋದ್ರು. ನನ್ನ ಮಗಳು ಇನೋಕಾಗೆ ಆಗ ಐದು ತಿಂಗಳು. ಫೋಟೋ ಹಿಡ್ಕೊಂಡು ಮೂರು ಠಾಣೆ ಸುತ್ತಿದಳು. ಅಂಥವನು ಇಲ್ಲಿಲ್ಲ ಅಂತ ಮೂರು ಕಡೆಯೂ ಒಂದೇ ಮಾತು.

ಮಹತ್ತಯಾರನ್ನೇ ಕೇಳಬಹುದಿತ್ತು. ಕೇಳಲಿಲ್ಲ. ನಮ್ಮಲ್ಲಿ ಒಂದು ರೂಢಿ ಇದೆ: ಕೆಲಸ ಯಾರ ಕೈಯಲ್ಲಿದೆಯೋ ಅವರಿಗೇ ನಲವತ್ತು ಎಲೆಯ ವೀಳ್ಯದ ಕಟ್ಟು ಕೊಟ್ಟು, ಕಾಲಿಗೆ ಬಿದ್ದು ಕೇಳ್ಬೇಕು. ಅವರ ತಲೆ ಮೇಲಿನ ದಣಿಗೆ ಹೋಗಿ ಹೇಳಿದ್ರೆ ಅವಮಾನ, ಹಿಡಿದವನಿಗೆ ಹಟ ಬರುತ್ತೆ. ಮನಸ್ಸಿಲ್ಲದವನು ಎಲೆ ಮುಟ್ಟಲ್ಲ. ಮುಟ್ಟಿದ ಅಂದ್ರೆ ಕೆಲಸ ಒಪ್ಕೊಂಡ ಹಾಗೆ. ಮಾತಲೆಯಲ್ಲಿ ಜಮೀನಿನ ತಕರಾರು, ಮದುವೆ ಮಾತು, ಎಲ್ಲ ಹಾಗೇ ಬಗೆಹರಿದದ್ದು ನೋಡಿದ್ದೀನಿ. ಆ ಬುದ್ಧಿಯನ್ನ ತಗೊಂಡು ಹೋಗಿ ಆ ಮೇಜಿಗೆ ಇಟ್ಟೆ ನೋಡಿ, ನನ್ನ ಕೈಗೆ ಬೆಂಕಿ ಬೀಳ್ಲಿ.

ಮುಂದಿನ ಬುಧವಾರ ಸಪರಮಾದು ಟೀ ಮುಗಿಸೋ ಹೊತ್ತಿಗೆ ಎಲೆ ಹಿಡ್ಕೊಂಡು ಹೋಗಿ ಅವನ ಕಾಲಿಗೆ ಬಿದ್ದೆ. ಎಲ್ಲ ಹೇಳಿದೆ, ಅಳಿಯನ ಹೆಸರು, ಕೆಲಸ, ಮಗಳ ಬಸಿರು. ಅವನು ಎರಡೂ ಕೈ ಚಾಚಿ ಎಲೆ ತಗೊಂಡ.

"ಏಳಿ ಅಮ್ಮಾ," ಅಂದ. "ಅವನು ಅಧ್ಯಕ್ಷರ ಮನೆಯವನು ಅಂತ ನನಗೆ ಗೊತ್ತೇ ಇರಲಿಲ್ವಲ್ಲ."

ಹೇಳಿದ್ದು ನನಗೆ, ನೋಡಿದ್ದು ಮಹತ್ತಯಾರನ್ನ. ಅವರ ಮುಖ ಬಿಳಿಚ್ಕೊಂಡಿತ್ತು. ಸತ್ತವರ ಸಂಖ್ಯೆ ಪತ್ರಿಕೆಗೆ ಹೋದದ್ದು ತಮ್ಮ ಅಡಿಗೆಮನೆಯಿಂದಲೇ ಅಂತ ನಾಳೆ ಇವನು ಫೈಲಲ್ಲಿ ಬರೆದ್ರೆ ಜನ ಏನಂತಾರೆ ಅನ್ನೋದು ಅವರ ತಲೆಗೆ ಆಗಲೇ ಹೊಳೆದಿರಬೇಕು. ನನಗೆ ಅದ್ಯಾವುದೂ ಹೊಳೆಯಲಿಲ್ಲ. ಎಲೆ ತಗೊಂಡನಲ್ಲ ಅಂತ ಒಳಗೆ ಹೋಗಿ ಒಲೆ ಮುಂದೆ ಕೂತು ಸಮಾಧಾನಕ್ಕೆ ಅತ್ತೆ.

ಸ್ವಲ್ಪ ಹೊತ್ತಿಗೆ ಅಡಿಗೆಮನೆ ಬಾಗಿಲಿಗೆ ಅವನೇ ಬಂದ. ಅಳಿಯ ಚೆನ್ನಾಗಿದ್ದಾನೆ, ವಿಚಾರಣೆ ಮುಗಿಯೋಕೆ ಕೆಲವು ತಿಂಗಳು ಹಿಡಿಯುತ್ತೆ ಅಂದ. ಬುಧವಾರ ಬುಧವಾರ ಒಂದು ಬುತ್ತಿ ಕಟ್ಟಿಕೊಡಿ, ನಾನೇ ತಲುಪಿಸ್ತೀನಿ ಅಂದ. ಆಮೇಲೆ, ಬೇರೆ ದಿನಗಳಲ್ಲಿ ಈ ಮೇಜಿಗೆ ಯಾರ್ಯಾರು ಬರ್ತಾರೆ ಅಂತ ಸುಮ್ಮನೆ ನನ್ನ ಕಿವಿಗೆ ಹಾಕ್ತಿರಿ ಅಂದ. ಕೊನೆಯ ಮಾತನ್ನ ಉಪ್ಪು ಸರಿಯಾಗಿದೆ ಅನ್ನೋಷ್ಟೇ ಹಗುರವಾಗಿ ಹೇಳಿದ.

ಇಪ್ಪತ್ತಾರು ವರ್ಷ ಉಂಡ ಮನೆ. ನನ್ನ ಹೊಟ್ಟೆಯಲ್ಲಿ ಅದು ನಿಲ್ಲಲಿಲ್ಲ, ಮಧ್ಯಾಹ್ನವೇ ಮಹತ್ತಯಾರಿಗೆ ಹೇಳಿಬಿಟ್ಟೆ. ಬೈತಾರೆ, ಓಡಿಸ್ತಾರೆ ಅಂದ್ಕೊಂಡಿದ್ದೆ. ಅವರು ಕಿಟಕಿ ಹತ್ರ ನಿಂತು, ಹೇಳು, ಅವನು ಕೇಳಿದ್ದಕ್ಕೆಲ್ಲ ಉತ್ತರ ಕೊಡು, ಏನು ಹೇಳ್ಬೇಕು ಅಂತ ಪ್ರತಿ ಮಂಗಳವಾರ ಸಂಜೆ ನಾನು ತಿಳಿಸ್ತೀನಿ ಅಂದ್ರು. ಎಂಥ ದೊಡ್ಡ ಮನಸ್ಸು ಅಂತ ಅವರ ಕಾಲಿಗೂ ಬಿದ್ದೆ.

ಹಾಗೆ ನಡೀತು. ಸೈನ್ಯದ ದಂಡನಾಯಕ ಮೂರು ಸಲ ಗುಟ್ಟಾಗಿ ತಿಂಡಿಗೆ ಬಂದ. ಸಪರಮಾದುವನ್ನ ಹೇಗೆ ಕೆಳಗಿಳಿಸೋದು ಅಂತಲೇ ಅವರ ಮಾತು. ನಾನು ಹಲ್ಲಿನ ಡಾಕ್ಟರು ಬಂದಿದ್ರು ಅಂದೆ. ಮಹತ್ತಯಾರ ಹಲ್ಲಿಗೆ ಏನಾಗಿದೆ ಅಂತ ಅವನು ಕೇಳಿದ್ರೆ ಹೇಳೋಕೆ ಒಂದು ಹುಳುಕು ಹಲ್ಲೂ ತಯಾರಾಗಿತ್ತು. ಸುಳ್ಳು ಹೇಳೋದ್ರಲ್ಲಿ ನಾನು ಇಷ್ಟು ಗಟ್ಟಿಗಿತ್ತಿ ಅಂತ ನನಗೇ ಗೊತ್ತಿರಲಿಲ್ಲ.

ಬುತ್ತಿ ಕಟ್ಟೋದು ಇನೋಕಾಳ ಕೆಲಸ. ಮಂಗಳವಾರ ನಾನು ಅವಳ ಮನೆಗೆ ಹೋಗಿ ಮಲಗೋದು, ಬುಧವಾರ ಮೊದಲ ಬಸ್ಸಿಗೆ ಡಬ್ಬಿ ಹಿಡ್ಕೊಂಡು ಬರೋದು. ಕೆಂಪಕ್ಕಿ ಅನ್ನ, ಹುಳಿ ಮೀನು, ಒಂದು ಸೊಪ್ಪು, ಎಲ್ಲ ಬಾಡಿಸಿದ ಬಾಳೆಲೆಯಲ್ಲಿ. ಮುಂದಿನ ವಾರ ಡಬ್ಬಿ ತೊಳೆದು ವಾಪಸ್ ಬರ್ತಿತ್ತು. ಬಾಯಲ್ಲಿ ಹುಣ್ಣಾಗಿದೆಯಂತೆ, ಖಾರ ಕಮ್ಮಿ ಮಾಡ್ಬೇಕಂತೆ ಅಂತ ಸಪರಮಾದು ಒಂದು ಸಲ ಹೇಳಿದ. ಆ ಮಾತು ಕೇಳಿ ಇನೋಕಾ ಅತ್ತು, ನಕ್ಕು, ಮೆಣಸಿನಪುಡಿ ಭರಣಿಯನ್ನೇ ಅಟ್ಟಕ್ಕೆ ಎತ್ತಿಟ್ಟಳು. ಇನ್ನೊಂದು ಸಲ ಹಲಸಿನ ಬೀಜದ ಪಲ್ಯ ಕೇಳಿದ್ದಾನೆ ಅಂದ. ಉದಿತ ಹಲಸಿನ ಬೀಜ ಮುಟ್ಟೋನೇ ಅಲ್ಲ. ನಾನು ಅದನ್ನ ಅಂದಾಗ, ಸೆರೆಮನೆಯಲ್ಲಿ ನಾಲಿಗೆ ಬದಲಾಗುತ್ತಮ್ಮ ಅಂತ ಅವಳೇ ನನಗೆ ಬುದ್ಧಿ ಹೇಳಿದಳು. ನನಗೂ ಹಾಗೇ ನಂಬೋದು ಬೇಕಿತ್ತು.

ಹತ್ತು ಬುತ್ತಿ ಹೋದ ಮೇಲೆ, ಆಗಸ್ಟಿನಲ್ಲಿ, ಒಂದು ಮಂಗಳವಾರ ಮಹತ್ತಯಾರ ಹತ್ರ ರಜೆ ಕೇಳಿದೆ. ಕತರಗಮ ದೇವರಿಗೆ ಹರಕೆ ಹೊತ್ತು ಬರ್ತೀನಿ, ನಾಳೆ ನಾಳಿದ್ದು ಎರಡು ದಿನ, ಬುತ್ತಿಯನ್ನ ಇನೋಕಾನೇ ತಂದುಕೊಡ್ತಾಳೆ ಅಂದೆ. ಅವರು ವರಾಂಡದಲ್ಲಿ ಬಿಸಿನೀರಿನ ಬೇಸಿನ್ನಿಗೆ ಕಾಲು ಇಳಿಬಿಟ್ಟು ಕೂತಿದ್ರು. ಏನು ಹರಕೆ ಅಂತ ಕೇಳಿದ್ರು. ಹೆರಿಗೆ ಹೊತ್ತಿಗಾದ್ರೂ ಅಳಿಯ ಮನೆ ಸೇರ್ಲಿ ಅಂತ, ಇನ್ನೇನು ಅಂದೆ.

"ಹೋಗ್ಬೇಡ ಮೆಣಿಕೆ," ಅಂದ್ರು. "ದಾನ ಕೊಡು."

ಭಿಕ್ಷುಗಳನ್ನ ಮನೆಗೆ ಕರೆದು ಊಟಕ್ಕಿಟ್ಟು, ಆ ಪುಣ್ಯವನ್ನ ಸತ್ತವರ ಹೆಸರಿಗೆ ಬಿಡೋದು ನಮ್ಮ ದಾನ. ಏಳನೇ ದಿನಕ್ಕೊಂದು, ಮೂರು ತಿಂಗಳಿಗೊಂದು, ವರ್ಷಕ್ಕೊಂದು. ನನಗೆ ಅರ್ಥವಾಗಿತ್ತು. ಆದ್ರೂ ನನ್ನ ಬಾಯಿ ಕೇಳ್ತಾ ಇತ್ತು.

"ಯಾವ ದಾನ, ಮಹತ್ತಯಾ?"

"ಮೂರು ತಿಂಗಳದ್ದು. ಇನ್ನೂ ಹನ್ನೆರಡು ದಿನ ಇದೆ."

"ಯಾವತ್ತಿಂದ ಎಣಿಸ್ಬೇಕು?"

"ಹಿಡ್ಕೊಂಡು ಹೋದ್ರಲ್ಲ, ಆ ವಾರದ ಶನಿವಾರದಿಂದ."

ಮಂಗಳವಾರ ಹಿಡಿದದ್ದು. ಶನಿವಾರ ಮುಗಿಸಿದ್ದು. ನಾನು ಎಲೆ ಕೊಟ್ಟದ್ದು ಅದಾಗಿ ನಾಲ್ಕು ದಿನಕ್ಕೆ, ಬುಧವಾರ. ಸತ್ತವನನ್ನ ಬಿಡಿಸ್ಕೊಡು ಅಂತ ಕೊಂದವನ ಕಾಲು ಹಿಡಿದಿದ್ದೆ. ಅವನು ಎಲೆಯನ್ನ ಎರಡೂ ಕೈಯಲ್ಲಿ ತಗೊಂಡಿದ್ದ.

ನಿಮಗೆ ಯಾವಾಗ ಗೊತ್ತಾಯ್ತು ಅಂತ ಕೇಳಿದೆ. ನೀನು ಎಲೆ ಕೊಟ್ಟು ಒಳಗೆ ಹೋದ್ಯಲ್ಲ, ಆಗಲೇ ಅವನನ್ನ ಕೇಳಿದೆ ಅಂದ್ರು. ಇಪ್ಪತ್ತಾರು ವರ್ಷದಲ್ಲಿ ಒಂದು ದಿನವೂ ಅವರಿಗೆ ಎದುರಾಡಿದವಳಲ್ಲ ನಾನು. ಅವತ್ತು ಆಡಿದೆ. ನನ್ನ ಬಸುರಿ ಮಗಳ ಕೈಯಲ್ಲಿ ಹತ್ತು ವಾರ ಹೆಣಕ್ಕೆ ಬುತ್ತಿ ಕಟ್ಟಿಸಿದ್ರಲ್ಲ, ನೀವೂ ಮನುಷ್ಯರಾ ಅಂದೆ. ನನ್ನ ಕೈಯ ಅನ್ನ ನಿಮಗೆ ಹೇಗೆ ಗಂಟಲಲ್ಲಿ ಇಳೀತು ಅಂದೆ.

ಅವರು ಸಿಟ್ಟು ಮಾಡ್ಕೊಳ್ಳಲಿಲ್ಲ. ಮಾಡ್ಕೊಂಡಿದ್ರೆ ಚೆನ್ನಾಗಿರ್ತಿತ್ತು.

"ಅವನ ಕೈಯಲ್ಲಿ ನನ್ನ ಚೀಟಿ ಇದೆ ಮೆಣಿಕೆ. ನನ್ನ ಕೈಯಲ್ಲಿ ಇರೋದು ನೀನೊಬ್ಳೇ," ಅಂದ್ರು. ಟವೆಲ್ಲಿಗೆ ಕೈ ಚಾಚಿದ್ರು. "ನಾಳೆ ಬರ್ತಾನೆ. ಈ ವಾರ ಯಾರೂ ಬಂದಿಲ್ಲ ಅಂತ ಹೇಳು."

ಕನಿಕರಕ್ಕೆ ನಿಜ ಹೇಳಿದ್ರೋ, ಬುಧವಾರ ನಾನು ಇಲ್ಲದೆ ಹೋದ್ರೆ ಅವನಿಗೆ ಸುಳ್ಳು ತಲುಪಿಸೋರು ಯಾರು ಅಂತ ಹೇಳಿದ್ರೋ, ನನಗೆ ಇವತ್ತಿಗೂ ಗೊತ್ತಿಲ್ಲ. ಟವೆಲ್ಲನ್ನ ಮಾತ್ರ ನಾನೇ ಎತ್ತಿಕೊಟ್ಟೆ. ಕೈಗೆ ಅಭ್ಯಾಸ.

ಸಂಜೆ ಇನೋಕಾ ಮನೆಗೆ ಹೋಗಿ ಕೂರಿಸ್ಕೊಂಡು ಹೇಳಿದೆ. ಅವಳು ಹಲಸಿನ ಬೀಜ ಸುಲೀತಾ ಇದ್ದಳು. ಕೈ ನಿಲ್ಲಿಸಲಿಲ್ಲ.

"ದೇಹ ನೋಡಿದ್ಯಾ?" ಅಂದಳು.

ಇಲ್ಲ ಅಂದೆ.

"ಹಾಗಾದ್ರೆ ದಾನ ಇಲ್ಲ. ಬದುಕಿರೋನ ಹೆಸರಲ್ಲಿ ದಾನ ಕೊಟ್ರೆ ನಾನೇ ಸಾಯಿಸಿದ ಹಾಗೆ."

ಮಹತ್ತಯಾ ಬಾಯಿಂದಲೇ ಕೇಳಿದ್ದು ಅಂದೆ. ಅವರು ಸತ್ತ ಅಂತಾರೆ, ಬದುಕಿದ್ದಾನೆ ಅಂತ ಸಪರಮಾದು ಅಂತಾನೆ, ಇಬ್ಬರಲ್ಲಿ ಯಾರು ಸುಳ್ಳು ಹೇಳಲ್ಲ ಅಂತ ನೀನೇ ಹೇಳಮ್ಮ ಅಂದಳು. ಹತ್ತು ವಾರ ನಾನೇ ಸುಳ್ಳು ಹೇಳ್ತಾ ಬಂದವಳು, ಅವಳಿಗೆ ಏನಂತ ಹೇಳಲಿ. ದಿನ, ವಾರ ಎಲ್ಲ ಬಿಡಿಸಿ ಹೇಳಿದೆ. ಅವಳ ಕಿವಿಗೆ ಹೋಗಲಿಲ್ಲ. ಬೆಳಿಗ್ಗೆ ಎದ್ದು ನೋಡಿದ್ರೆ ಬುತ್ತಿ ಕಟ್ಟಿಯಾಗಿತ್ತು, ಖಾರ ಹಾಕದ ಹಲಸಿನ ಬೀಜದ ಪಲ್ಯ ಇನ್ನೂ ಬಿಸಿಯಾಗಿತ್ತು. ಇದನ್ನ ಕೊಡದೆ ಬಂದ್ರೆ ನನ್ನ ಮುಖ ನೋಡ್ಬೇಡ ಅಂದಳು.

ಏಳಕ್ಕೆ ಸಪರಮಾದು ಬಂದ. ಬೇಳೆ ಸಾರು ಕುದೀತಾ ಇತ್ತು. ಅದನ್ನ ಎತ್ತಿ ಅವನ ತಲೆಗೆ ಸುರಿಯೋಕೆ ಎಷ್ಟು ಹೊತ್ತು ಬೇಕು ಅಂತ ಎಣಿಸಿದೆ, ಎಂಟು ಹೆಜ್ಜೆ. ಆದ್ರೆ ಎಂಟು ತಿಂಗಳ ಬಸುರಿ ಮಗಳು ನುಗೇಗೊಡೆಯ ಮನೆಯಲ್ಲಿ ಒಬ್ಬಳೇ ಇದ್ದಾಳೆ, ಅವಳ ಮನೆ ಅವನಿಗೆ ಗೊತ್ತು. ಸಾರನ್ನ ಬಟ್ಟಲಿಗೆ ಹಾಕಿ ಬಡಿಸಿದೆ. ಈ ವಾರ ಯಾರೂ ಬಂದಿಲ್ಲ ಅಂದೆ. ಡಬ್ಬಿ ಕೊಟ್ಟೆ.

"ಅವನು ಎಷ್ಟು ಕಾಯ್ತಿರ್ತಾನೆ ಗೊತ್ತಾ ಅಮ್ಮಾ," ಅಂದ ಅವನು.

ಎದುರಿಗೆ ಕೂತ ಮಹತ್ತಯಾ ಆಪ್ಪದ ಮೊಟ್ಟೆಗೆ ಉಪ್ಪು ಉದುರಿಸ್ಕೊಂಡರು. ತಲೆ ಎತ್ತಲಿಲ್ಲ. ಅವತ್ತು ಅವರಿಬ್ಬರಿಗೂ ಎರಡನೇ ಸಲ ಸಂಬೋಲ ಬಡಿಸಿದ್ದೂ ನಾನೇ.

ಮೂರು ತಿಂಗಳು ತುಂಬಿದ ದಿನ ಬಂತು, ಹೋಯ್ತು. ಇನೋಕಾ ಮನೆಗೆ ಯಾವ ಭಿಕ್ಷುವೂ ಬರಲಿಲ್ಲ. ನಾನೊಬ್ಬಳೇ ವಿಹಾರಕ್ಕೆ ಹೋಗಿ ಅನ್ನದ ಪಾತ್ರೆ ಮುಂದಿಟ್ಟೆ. ಪುಣ್ಯ ಯಾರ ಹೆಸರಿಗೆ ಅಂತ ಹಿರಿಯ ಭಿಕ್ಷು ಕೇಳಿದ್ರು. ಉದಿತನ ಹೆಸರು ನನ್ನ ಬಾಯಿಂದ ಹೊರಡಲಿಲ್ಲ. ಅವನ ಹೆಂಡತಿ ಬೇಡ ಅಂದ ಮೇಲೆ ಅವನನ್ನ ಸತ್ತವರ ಜೊತೆ ಸೇರಿಸೋಕೆ ನಾನು ಯಾರು. ಹೆಸರು ಹೇಳದೆ ಪಾತ್ರೆ ಅಲ್ಲೇ ಬಿಟ್ಟು ಬಂದೆ. ಮಂಗಳವಾರ ಸಂಜೆ ಮಹತ್ತಯಾ ಹೇಳಬೇಕಾದ್ದನ್ನ ಹೇಳಿದ್ರು. ಬುಧವಾರ ಬೆಳಿಗ್ಗೆ ಇನೋಕಾ ಹೊಟ್ಟೆ ಹಿಡ್ಕೊಂಡು ಬಾಗಿಲ ತನಕ ಬಂದು, ಎಲೆ ಇನ್ನೂ ಬಿಸಿ ಇದೆ, ಓರೆ ಮಾಡ್ಬೇಡ ಅಂತ ಡಬ್ಬಿಯನ್ನ ನನ್ನ ಕೈಗಿಟ್ಟಳು. ಓರೆ ಮಾಡದೆ ತಗೊಂಡು ಹೋದೆ.