ಕೆಂಚಕ್ಕ ಎಂಬ ಉದಾಹರಣೆ

ಬಸ್ಸಿನ ಕಿಟಕಿಯ ಗಾಜು ಗಡಗಡ ನಡುಗುತ್ತಿತ್ತು, ಆಚೆ ಉಳ್ಳಾರ್ತಿ ಕಾವಲಿನ ಹುಲ್ಲು ಬಿಸಿಲಿಗೆ ಬೆಳ್ಳಗಾಗಿತ್ತು, ಇದೇ ದಾರಿಯಲ್ಲವೇ ಹೋದ ತಿಂಗಳು ಬಿ.ಎ. ಮಕ್ಕಳನ್ನು ಕರೆತಂದದ್ದು ಎಂದುಕೊಂಡ ಹನುಮಂತರಾಯ — ಸಮಾಜಶಾಸ್ತ್ರ ಪುಸ್ತಕದಲ್ಲಿಲ್ಲ ಕಣ್ರೋ, ಹಟ್ಟಿಯಲ್ಲಿದೆ, ಬನ್ನಿ ತೋರಿಸ್ತೀನಿ — ಚಳ್ಳಕೆರೆ ಕಾಲೇಜಿನಲ್ಲಿ ತನ್ನ ಪಾಠಕ್ಕೆ ಮಾತ್ರ ಯಾರೂ ತೂಕಡಿಸುವುದಿಲ್ಲ ಎಂಬ ಹಾಳು ಜಂಬ! ಅದೇ ತರಗತಿಯ ಸ್ವಪ್ನ ಹಿಂದಿನ ದಿನವೇ ಬಾಗಿಲ ಬಳಿ ನಿಂತು, ಈ ವಾರ ನಮ್ಮ ಹಟ್ಟಿಗೆ ಬ್ಯಾಡ ಸಾ, ಮನೇಲಿ ಸ್ವಲ್ಪ ತೊಂದ್ರೆ ಐತೆ, ಮುಂದಿನ ವಾರ ಬರ್ರಿ, ಎಂದು ನೆಲ ನೋಡಿದ್ದಳು, ಬಡತನದ ನಾಚಿಕೆ ಎಂದುಕೊಂಡ, ನಾಚಿಕೆಯಂತೆ, ಇದೇ ಸೀಮೆಯಲ್ಲಿ ಇಷ್ಟು ವರ್ಷ ಪಾಠ ಹೇಳಿದವನಿಗೆ ಅಷ್ಟೂ ಹೊಳೆಯಬಾರದೇ, ಓದಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತು, ಹಟ್ಟಿಯ ಮುಳ್ಳುಬೇಲಿಯಾಚೆ ಪುಟ್ಟ ಗುಡಿಸಲಲ್ಲಿ ಅವಳ ಅವ್ವ ಕೆಂಚಕ್ಕ ಕೂತಿದ್ದಳು, ಮುಟ್ಟು ಕಳೆಯುವ ತನಕ ಹೆಂಗಸರು ಬೇಲಿ ದಾಟುವಂತಿಲ್ಲ, ಅಲ್ಲಿನ ಕಟ್ಟಳೆ, ನೋಡಿ ನೋಡಿ, ಶುದ್ಧಿ-ಅಶುದ್ಧಿ ಎಂದರೆ ಇದೇ ಎಂದು ತಾನೇ ಬೆರಳು ತೋರಿಸಿದ, ಹುಡುಗರಲ್ಲಿ ಮಾರುತಿ ಟೇಪ್ ರೆಕಾರ್ಡರ್ ಚಾಚಿದ, ಇಲ್ಲಿ ಮಲಗೋಕೆ ಭಯ ಆಗಲ್ವೇನಮ್ಮ, ಅವಳು ಸೆರಗನ್ನು ಮುಖದ ತುಂಬ ಎಳೆದುಕೊಂಡು, ಗಂಡುಡುಗ್ರು ಇದನ್ನೇನು ಕೇಳ್ತೀರಪ್ಪ, ಹೋಗ್ರಪ್ಪ, ಅಂದರೂ ತನಗೆ ಪಾಠದ ಅಮಲು ಇಳಿಯಲಿಲ್ಲ.

ಆ ತುಟಿ — ಬೇಡ, ಅದು ಈಗ ಬೇಡ — ಜುಂಜಣ್ಣನಿಗೆ ಯಾವ ಮುಖ ತೋರಿಸುವುದು, ಕುರಿ ಹಿಂದೆ ಹೋಗಬೇಕಿದ್ದ ಮಗಳನ್ನು, ನೀವು ಹೇಳಿದ ಮ್ಯಾಲೆ ಆಯ್ತು ಬಿಡ್ರಿ ಸಾ, ಎಂದು ಕಾಲೇಜಿಗೆ ಕಳಿಸಿದ ಅಪ್ಪ, ಆದರೂ ಹೋಗಬೇಕು, ಕೆಂಚಕ್ಕನ ಮುಂದೆ ನಿಂತು ತಪ್ಪಾಯ್ತವ್ವ ಎನ್ನಬೇಕು, ಅದಕ್ಕೇ ತಾನೇ ಕಾಲೇಜು ಬಿಟ್ಟ ಕೂಡಲೇ ಈ ಬಸ್ಸು ಹತ್ತಿದ್ದು, ಬೆಳಿಗ್ಗೆ ಪಾಠ ತಿರುವಿಹಾಕುತ್ತ, ಶುದ್ಧಿ-ಅಶುದ್ಧಿಗೊಂದು ಉದಾಹರಣೆ ಕೊಡಿ ಎಂದು ಅಭ್ಯಾಸಬಲದಿಂದ ಕೇಳಿಬಿಟ್ಟ, ಇಡೀ ತರಗತಿ ಒಂದೇ ದನಿಯಲ್ಲಿ, ಕೆಂಚಕ್ಕ ಸಾರ್! — ಒಬ್ಬರೂ ಮರೆತಿರಲಿಲ್ಲ, ತಾನು ಕಲಿಸಿದ ಯಾವ ಪಾಠವೂ ಇಷ್ಟು ಚೆನ್ನಾಗಿ ತಲೆಗೆ ಹತ್ತಿರಲಿಲ್ಲ, ಕಣ್ಣು ತಾನಾಗಿ ಹೊರಳಿತು — ಇಳೀರಿ ಸಾರ್, ದೊಡ್ಡಉಳ್ಳಾರ್ತಿ ಬಂತು, ಕಂಡಕ್ಟರ್ ಕೂಗುತ್ತಾನೆ, ಏಳಬೇಕು, ಈಗ ಏಳುತ್ತೇನೆ, ಯಾರ್ರೀ ಇಳಿಯೋರು, ಯಾರೂ ಇಲ್ವಾ, ರೈಟ್ — ತರಗತಿಯ ಬೆಂಚಿನ ತುದಿಯಲ್ಲಿ ಸ್ವಪ್ನ, ತಲೆ ತಗ್ಗಿಸಿರಲಿಲ್ಲ, ಅತ್ತಿರಲಿಲ್ಲ, ಎಲ್ಲರ ಜೊತೆ ಅವಳ ತುಟಿಯೂ ಆಡಿತ್ತು, ಕೆಂಚಕ್ಕ ಸಾರ್, ಹೆತ್ತವ್ವನ ಹೆಸರು, ಆ ತುಟಿ, ಕೆಂಚಕ್ಕ ಸಾರ್, ಆ ತುಟಿ