ಇಲಿಯ ಲೆಕ್ಕದ ಕಷಾಯ

ಸಕ್ಕರೆ ಕಾಯಿಲೆಯ ಮನೆಯಲ್ಲಿ ರೋಗಿ ಒಬ್ಬನೇ, ಸುಸ್ತು ಮಾತ್ರ ಎಲ್ಲರಿಗೂ. ನಮ್ಮ ಟೈಲರ್ ಮನೆಯ ಕಥೆಯೂ ಅದೇ. ಒಂಬತ್ತು ವರ್ಷದಿಂದ ಮಾತ್ರೆ, ಪಥ್ಯ, ತಿಂಗಳಿಗೊಮ್ಮೆ ಆಸ್ಪತ್ರೆಯ ಸಾಲು. ಟೈಲರಿಗೂ ಸಾಕಾಗಿತ್ತು, ಹೆಂಡತಿಗೂ ಸಾಕುಸಾಕಾಗಿತ್ತು.

ಹೆಂಡತಿ ದುಡಿಯುವುದು ಔಷಧ ಪರೀಕ್ಷಿಸುವ ಪ್ರಯೋಗಾಲಯದಲ್ಲಿ. ಬೀದಿಯವರು ಕರೆಯುವುದೇ ‘ಇಲಿಯಕ್ಕ’ ಎಂದು. ಹದಿನಾಲ್ಕು ವರ್ಷದಿಂದ ಪಂಜರ ತೊಳೆಯುವುದು, ಹೊಟ್ಟು ಬದಲಿಸುವುದು, ಒಂದೊಂದೇ ಇಲಿಯನ್ನು ತಕ್ಕಡಿಗಿಟ್ಟು ತೂಕ ಬರೆಯುವುದು. ತೂಕಕ್ಕೆ ತಕ್ಕಷ್ಟು ಮದ್ದು, ಅದು ಅಲ್ಲಿಯ ನಿಯಮ. ಆ ವರ್ಷ ಇಲಿಗಳಿಗೆ ಒಂದು ಕಹಿ ಸೊಪ್ಪಿನ ರಸ ಕೊಡುತ್ತಿದ್ದರು. ಎರಡೇ ತಿಂಗಳಲ್ಲಿ ಅವುಗಳ ರಕ್ತದ ಸಕ್ಕರೆ ಇಳಿಯಿತು, ರೋಗನಿರೋಧಕ ಶಕ್ತಿಯೂ ಹೆಚ್ಚಿತು ಎಂದು ಡಾಕ್ಟರುಗಳು ಮಾತಾಡಿಕೊಂಡದ್ದು ಇಲಿಯಕ್ಕನ ಕಿವಿಗೆ ಬಿತ್ತು. ಇಲಿಗೆ ಇಷ್ಟಾದರೆ ಅರವತ್ತೆಂಟು ಕಿಲೋ ಗಂಡನಿಗೆಷ್ಟು? ಗುಣಿಸಿಯೇ ಬಿಟ್ಟಳು, ಮಹಾತಾಯಿ!

ಸೊಪ್ಪು ಹಾದಿಬದಿಯಲ್ಲೇ ಬೆಳೆದಿತ್ತು. ತಂದು ಕುದಿಸಿ, ಬತ್ತಿಸಿ, ಲೋಟಕ್ಕೆ ಬಗ್ಗಿಸಿದಳು.

“ಇದೇನೇ, ಒಳ್ಳೆ ವಿಷದ ಥರ ಇದೆಯಲ್ಲ!” ಟೈಲರ್ ಮುಖ ಕಿವಿಚಿದ.

“ಮೂಗು ಹಿಡ್ಕೊಂಡು ಕುಡೀರಿ. ಇಲಿಗಳೂ ನಿಮ್ಮಷ್ಟು ರಂಪ ಮಾಡಲ್ಲ.”

“ಡಾಕ್ಟರಿಗೆ ಒಂದ್ಮಾತು ಹೇಳ್ಬೇಡ್ವಾ?”

“ಹೇಳಿದ್ರೆ ಬೈತಾರೆ. ಸೊಪ್ಪು ತಾನೇ, ಏನಾಗತ್ತೆ?”

ಕುಡಿದ. ಮಾತ್ರೆಯನ್ನೂ ಬಿಡಲಿಲ್ಲ. ಎರಡೂ ಸೇರಿದರೆ ಬೇಗ ವಾಸಿಯಾದೀತು ಎಂಬ ಆಸೆ ಇಬ್ಬರಿಗೂ.

ಆರನೇ ದಿನ ಮಧ್ಯಾಹ್ನ ಇಲಿಯಕ್ಕ ಕೆಲಸ ಮುಗಿಸಿ ಬಂದಾಗ ಹೊಲಿಗೆ ಯಂತ್ರದ ಸದ್ದಿರಲಿಲ್ಲ. ಟೈಲರ್ ಅದರ ಮೇಲೆಯೇ ತಲೆಯಿಟ್ಟಿದ್ದ. ಅಂಗಿ ಬೆವರಿನಲ್ಲಿ ತೊಯ್ದಿತ್ತು, ಕೈ ಗಡಗಡ ನಡುಗುತ್ತಿತ್ತು. ಏನಾಯಿತೆಂದು ಕೇಳಿದರೆ ಗುರುತೇ ಸಿಗದವನಂತೆ ದಿಟ್ಟಿಸಿದ. ಅವಳು ಬಾಗಿಲಿಗೆ ಓಡಿ ಕೂಗಿಕೊಂಡಳು. ಕೂಗು ಕೇಳಿ ಎದುರುಮನೆಯ ನರ್ಸಮ್ಮ ಓಡಿ ಬಂದು ಬೆರಳು ಚುಚ್ಚಿ ನೋಡಿದಳು. ಐವತ್ತೊಂದು!

“ಅಯ್ಯೋ, ಸಕ್ಕರೆ ಪಾತಾಳಕ್ಕಿಳಿದಿದೆ. ನುಂಗೋಕಾಗತ್ತೆ ತಾನೇ? ಬೇಗ ಸಕ್ಕರೆ ನೀರು ತನ್ನಿ!”

ಗುಟುಕು ಗುಟುಕಾಗಿ ಕುಡಿಸಿದರು. ಕಾಲು ಗಂಟೆಯ ಮೇಲೆ ಟೈಲರ್, “ಮೇಷ್ಟರ ಅಂಗಿ ಇವತ್ತೇ ಕೊಡ್ಬೇಕಿತ್ತು” ಎಂದ. ಇಲಿಯಕ್ಕ ನೆಲದ ಮೇಲೆ ಕುಸಿದು ಕೂತು ಅತ್ತುಬಿಟ್ಟಳು.

“ಮಾತ್ರೆ ಜೊತೆ ಇನ್ನೇನು ಕೊಟ್ರಿ, ಅಕ್ಕಾ?”

ಹೇಳಿದಳು. ಡಾಕ್ಟರುಗಳ ಮಾತನ್ನೂ ತನ್ನ ಲೆಕ್ಕವನ್ನೂ ಹೇಳಿದಳು.

ನರ್ಸಮ್ಮ ಬೈಯಲಿಲ್ಲ. “ನಿಮ್ಮ ಇಲಿ ಸಕ್ಕರೆ ಕಾಯಿಲೆ ಮಾತ್ರೆ ನುಂಗ್ತಿತ್ತಾ?” ಎಂದಷ್ಟೇ ಕೇಳಿದಳು.

“ಇಲ್ಲ.”

“ಅದಕ್ಕೆ ಬರೀ ಸೊಪ್ಪು. ಇವರಿಗೆ ಸೊಪ್ಪು, ಮಾತ್ರೆ ಎರಡೂ. ಅದೂ ಅಲ್ದೆ ಇಲಿ ಮೈ ಬೇರೆ, ನಮ್ಮ ಮೈ ಬೇರೆ, ತೂಕ ಗುಣಿಸಿದ್ರೆ ಸರಿಹೋಗಲ್ಲ. ರೋಗನಿರೋಧಕ ಶಕ್ತಿ ಹೆಚ್ಚೋದೂ ಎಲ್ಲರಿಗೂ ಒಳ್ಳೇದಲ್ಲ. ಬೇರೆಯವರ ಕಿಡ್ನಿ ಹಾಕಿಸ್ಕೊಂಡವರಿಗೆ ಅದು ಆ ಕಿಡ್ನಿ ಮೇಲೇ ತಿರುಗಿಬಿದ್ದು ಮುಳುವಾಗಬಹುದು. ಇಲಿ ಮೇಲೆ ನೋಡೋದು ಮೊದಲ ಮೆಟ್ಟಿಲು ಅಷ್ಟೇ ಅಕ್ಕಾ. ಏಳಿ, ಈಗ್ಲೇ ಆಸ್ಪತ್ರೆಗೆ ಹೋಗೋಣ. ಸಕ್ಕರೆ ಮತ್ತೆ ಇಳೀಬಹುದು.”

ಆಗ ಇಲಿಯಕ್ಕನಿಗೆ ಪ್ರಯೋಗಾಲಯದ ಮೇಲಿನ ಸಾಲಿನ ಮೂರು ಪಂಜರ ನೆನಪಾದವು. ಹೆಚ್ಚು ರಸ ಕೊಟ್ಟ ಇಲಿಗಳಿದ್ದವು ಅಲ್ಲಿ. ಒಂದು ಬೆಳಿಗ್ಗೆ ಆ ಪಂಜರಗಳು ಖಾಲಿಯಾಗಿದ್ದವು, ತೊಳೆದು ಬೋರಲು ಹಾಕಿದವಳು ಅವಳೇ. ಆ ಇಲಿಗಳಿಗೆ ಏನಾಯಿತೆಂದು ಅವಳು ಕೇಳಿರಲಿಲ್ಲ.

“ಇದ್ದದ್ದು ಇದ್ದ ಹಾಗೆ ಡಾಕ್ಟರಿಗೆ ಹೇಳೋಣ ರೀ” ಎಂದಳು.

“ಬೈತಾರೆ ಅಂದಿದ್ಯಲ್ಲ?”

“ಬೈಲಿ. ಬೈಸ್ಕೊಳ್ಳೋಕೆ ನೀವಿದ್ದೀರಲ್ಲ, ಅಷ್ಟು ಸಾಕು.”

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಇಂಥದೊಂದು ಲೋಟ ಮುಚ್ಚಿಟ್ಟಿರಬಹುದು. ಸೊಪ್ಪನ್ನು ನಾವು ಹೀಗಳೆಯುತ್ತಿಲ್ಲ. ಅದರಲ್ಲಿ ಶಕ್ತಿ ಇದೆ, ಭಯ ಅದಕ್ಕೇ. ಮುಂದಿನ ಸಲ ಆಸ್ಪತ್ರೆಗೆ ಹೊರಡುವಾಗ ಮಾತ್ರೆ ಚೀಟಿಯ ಜೊತೆ ಆ ಸೊಪ್ಪನ್ನೂ ಚೀಲಕ್ಕೆ ಹಾಕಿಕೊಳ್ಳಿ, ಡಾಕ್ಟರ ಮುಂದಿಡಿ. ಬೈದರೆ ಬೈಸಿಕೊಂಡು ಮನೆಗೆ ಬನ್ನಿ.