ಎರಡು ಬೆರಳು ಬಟ್ಟೆ

ಹೊಸ ಅಂಗಿಯ ಗುಂಡಿ ಹಾಕಲು ಉಸಿರು ಬಿಗಿಹಿಡಿದು ಒದ್ದಾಡುತ್ತಿದ್ದ ಕಿರಿಮಗಳನ್ನು ಟೈಲರಮ್ಮ ಹೊಲಿಗೆ ಯಂತ್ರದ ಮುಂದಿನಿಂದಲೇ ನೋಡುತ್ತಿದ್ದಳು. ಸೋಮವಾರ ಮಗಳು ಮೊದಲ ಬಾರಿಗೆ ಕೆಲಸಕ್ಕೆ ಸೇರಬೇಕು. ಹಾಗಿದ್ದೂ ಟೈಲರಮ್ಮ ಅಂಗಿಯನ್ನು ಬೇಕೆಂದೇ ಒಂದಿಂಚು ಬಿಗಿಯಾಗಿ ಹೊಲಿದಿದ್ದಳು. ಹಾಗಾದರೂ ಬುದ್ಧಿ ಬಂದು ತಿನ್ನುವುದು ಕಮ್ಮಿಯಾಗಲಿ ಎಂದು. ಊರವರ ಬಟ್ಟೆಗೆಲ್ಲ ಮುಂದೆ ಸಡಿಲಿಸಲು ಹೊಲಿಗೆಯ ಒಳಗೆ ಎರಡು ಬೆರಳು ಬಟ್ಟೆ ಬಿಡುವವಳು, ಮಗಳ ಅಂಗಿಯಲ್ಲಿ ಅದನ್ನೂ ಕತ್ತರಿಸಿ ಎಸೆದಿದ್ದಳು.

“ನಾನು ಕೆಲಸಕ್ಕೆ ಹೋಗಲ್ಲಮ್ಮ,” ಎಂದಳು ಮಗಳು. “ಇದನ್ನ ಹಾಕ್ಕೊಂಡು ಕೂತ್ಕೊಳ್ಳೋಕೂ ಆಗಲ್ಲ.”

“ಬಾಯಿ ಕಟ್ಟು ಅಂತ ಎಷ್ಟು ಸಲ ಬಡ್ಕೊಂಡೆ?”

“ಕಟ್ಟಿ ನೋಡಿದೀನಿ. ಊಟ ಮಾಡಿ ಎದ್ದಾಗ್ಲೂ ನಂಗೆ ಹಸಿವಿರುತ್ತೆ.”

ಟೈಲರಮ್ಮನಿಗೆ ತಲೆ ಚಿಟ್ಟು ಹಿಡಿಯಿತು. ತಿಂಡಿ ಡಬ್ಬಿಗೆ ಬೀಗ ಹಾಕಿದ್ದಾಯಿತು, ಕಡ್ಡಿಯಂತಿರುವ ದೊಡ್ಡ ಮಗಳನ್ನು ತೋರಿಸಿ ಹೀಯಾಳಿಸಿದ್ದೂ ಆಯಿತು. ಒಂದೇ ಮನೆ, ಒಂದೇ ಅಡುಗೆ, ಇವಳೊಬ್ಬಳಿಗೆ ಏನು ಧಾಡಿ?

ಸಂಜೆ ನಾಲ್ಕಕ್ಕೆ ಬಿಳಿ ಕೋಟಿನ ತೋಳು ಗಿಡ್ಡ ಮಾಡಿಸಲು ಡಾಕ್ಟರಮ್ಮ ಬಂದರು. ಟೈಲರಮ್ಮ ಅವರ ಮುಂದೆ ಗೋಳೆಲ್ಲ ತೋಡಿಕೊಂಡು, ಈ ವಯಸ್ಸಿನಲ್ಲೂ ತಾನು ಬಾಯಿ ಕಟ್ಟಿಲ್ಲವೇ ಎಂದಳು.

“ಮಧ್ಯಾಹ್ನ ಊಟ ಆಯ್ತಾ?” ಎಂದು ಕೇಳಿದರು ಡಾಕ್ಟರಮ್ಮ.

ಬುತ್ತಿ ಕಿಟಕಿಯಲ್ಲಿ ಹಾಗೇ ಇತ್ತು. “ಅಯ್ಯೋ, ಮರ್ತೇ ಹೋಯ್ತು.”

“ನಿಮ್ಮ ಮಗಳಿಗೆ ಹಾಗೆ ಮರೆಯೋಕಾಗುತ್ತಾ? ನೀವು ಬಾಯಿ ಕಟ್ಟಿಲ್ಲಮ್ಮ. ನಿಮಗೆ ಹಸಿವೇ ಕಮ್ಮಿ.”

ಹಸಿವೆಷ್ಟು, ಸಾಕೆಷ್ಟು ಎಂದು ಹೇಳುವುದು ಮಿದುಳು. ಅಲ್ಲಿ ಕೆಲಸ ಮಾಡುವ ವಂಶವಾಹಿಗಳು ಒಬ್ಬೊಬ್ಬರಲ್ಲಿ ಒಂದೊಂದು ಥರ, ಒಡಹುಟ್ಟಿದವರಲ್ಲೂ ಎಂದು ಅವರು ವಿವರಿಸಿದರು. ಕೆಲವರಿಗೆ ಸಾಕೆಂಬ ಸುದ್ದಿ ತಡವಾಗಿ ಮುಟ್ಟುತ್ತದಂತೆ. ಆಸ್ಪತ್ರೆಗೆ ಕರೆತನ್ನಿ, ಮಾಡಬಹುದಾದದ್ದು ಇದೆ, ಬೈದರೆ ಮಾತ್ರ ಹಸಿವು ಇಳಿಯುವುದಿಲ್ಲ ಎಂದು ಹೇಳಿ ಹೊರಟರು.

ಟೈಲರಮ್ಮನಿಗೆ ಮೊದಲು ಡಾಕ್ಟರಮ್ಮನ ಮೇಲೆ ಸಿಟ್ಟು ಬಂತು. ಆದರೆ ಮುಟ್ಟದ ಬುತ್ತಿ ಕಣ್ಣಿಗೆ ಬಿದ್ದಾಗ, ಮಗಳ ಅಂಗಿ ಸಡಿಲಿಸೋಣವೆಂದು ಹೊಲಿಗೆ ಬಿಚ್ಚಿದಳು. ಒಳಗೆ ಬಿಡಿಸಲು ಬಟ್ಟೆಯೇ ಇರಲಿಲ್ಲ. ಆಗ ಆ ಸಿಟ್ಟೆಲ್ಲ ತನ್ನ ಮೇಲೇ ತಿರುಗಿತು. ಗಿರಾಕಿಗಳಿಗೆ ತೋರಿಸುವ ಕರುಣೆಯನ್ನೂ ಹೆತ್ತ ಮಗಳಿಗೆ ತೋರಿಸಲಿಲ್ಲವಲ್ಲ ಎಂದು ತನ್ನನ್ನೇ ಬೈದುಕೊಂಡಳು.

ಹೊಸ ಬಟ್ಟೆ ಹಾಸಿ ಮಗಳನ್ನು ಕರೆದಳು. ಟೇಪು ಸುತ್ತಿದೊಡನೆ ಮಗಳು ಅಭ್ಯಾಸಬಲದಿಂದ ಹೊಟ್ಟೆ ಒಳಗೆಳೆದುಕೊಂಡಳು.

“ಉಸಿರು ಬಿಡು,” ಎಂದಳು ಟೈಲರಮ್ಮ. “ಇಲ್ದಿದ್ರೆ ಅಳತೆ ತಪ್ಪುತ್ತೆ.”

ಮಗಳು ತಾಯಿಯ ಮುಖವನ್ನೇ ನೋಡುತ್ತ, ಅನುಮಾನದಿಂದಲೇ ಉಸಿರು ಬಿಟ್ಟಳು. ಟೈಲರಮ್ಮ ಲೊಚಗುಟ್ಟದೆ ಅಳತೆ ಬರೆದುಕೊಂಡಳು. ಬಟ್ಟೆಯ ಮೇಲೆ ಗೆರೆ ಎಳೆದು, ಅದರಾಚೆಗೆ ಎರಡು ಬೆರಳು ಬಿಟ್ಟು ಕತ್ತರಿ ಹಾಕಿದಳು.